ಮನೆ ಲೆಕ್ಕ: ಹಾಲು ಕಮ್ಮಿ ಮಾಡಬೇಡಿ, ಮೊದಲು ಕಾರಿನ ಲೆಕ್ಕ ಹಾಕಿ

ಈ ಸಲ ಒಂದೇ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಅಂಕಿ ಬೇರೆ ಇರಬಹುದು, ಆದರೆ ಇದೇ ಕಥೆ ಇರುವ ಮನೆಗಳಿಂದ ಇನ್ನೂ ಏಳೆಂಟು ಪತ್ರ ನನ್ನ ಮೇಜಿನ ಮೇಲಿವೆ, ಅವರೂ ಇದನ್ನೇ ಓದಿಕೊಳ್ಳಲಿ ಅಂತ. ಉಳಿದವರಿಗೆ ಚುಟುಕಾಗಿ ಹೇಳಿ ಮುಗಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ 29, ನಮ್ಮವರಿಗೆ 33. ಮಗಳಿಗೆ ನಾಲ್ಕು ತುಂಬಿದೆ, ಎಲ್‌ಕೆಜಿ. ಮೈಸೂರಿನ ಬೋಗಾದಿ ಕಡೆ ಬಾಡಿಗೆ ಮನೆ. ಅವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಾರ್ಖಾನೆಯಲ್ಲಿದ್ದಾರೆ, ಕೈಗೆ 48 ಸಾವಿರ ಬರುತ್ತೆ. ನಾನು ಹತ್ತಿರದ ಶಾಲೆಯಲ್ಲಿ ಟೀಚರ್, 14 ಸಾವಿರ. ಖರ್ಚು ಹೀಗಿದೆ. ಬಾಡಿಗೆ 13,000, ಕಾರಿನ ಇಎಂಐ 9,600, ಫೋನಿನ ಕಂತು 2,200 (ಇನ್ನು ಐದು ತಿಂಗಳು), ದಿನಸಿ 7,500, ಹಾಲು ಮೊಸರು 2,400, ತರಕಾರಿ ಹಣ್ಣು 3,500, ಗ್ಯಾಸು ನೀರು ಇಂಟರ್ನೆಟ್ಟು ಮೊಬೈಲು ಸೇರಿ 2,600, ಪೆಟ್ರೋಲ್ 5,000, ಊರಲ್ಲಿ ಅತ್ತೆ ಮಾವನಿಗೆ 4,000, ಮನೆ ಕೆಲಸದವರಿಗೆ 1,500. ಲೆಕ್ಕದ ಪ್ರಕಾರ ತಿಂಗಳಿಗೆ ಹತ್ತು ಸಾವಿರ ಉಳಿಯಬೇಕು. ಆದರೆ 20ನೇ ತಾರೀಖು ದಾಟುತ್ತಿದ್ದ ಹಾಗೆ ಅಕೌಂಟು ಖಾಲಿ. ಆಮೇಲೆ ಕ್ರೆಡಿಟ್ ಕಾರ್ಡ್ ಉಜ್ಜುವುದು. ಅದರ ಬಾಕಿ ಈಗ 38,000 ಆಗಿದೆ, ಮಿನಿಮಮ್ ಕಟ್ಟಿಕೊಂಡು ಹೋಗುತ್ತಿದ್ದೇವೆ. ಅಮ್ಮ ನನ್ನ ಹೆಸರಲ್ಲಿ 60 ಸಾವಿರ ಎಫ್‌ಡಿ ಇಟ್ಟಿದ್ದಾರೆ, ಅದನ್ನು ಮುಟ್ಟುವ ಮನಸ್ಸಿಲ್ಲ. ಹಾಲು ಒಂದೂವರೆ ಲೀಟರ್ ತರುತ್ತೇವೆ, ಒಂದು ಲೀಟರಿಗೆ ಇಳಿಸೋಣ, ಕೆಲಸದವರನ್ನು ಬಿಡಿಸೋಣ, ಹಣ್ಣು ವಾರಕ್ಕೊಮ್ಮೆ ಸಾಕು ಅಂತ ಯೋಚಿಸಿದ್ದೇನೆ. ತಿಂಗಳಿಗೆ ಐದು ಸಾವಿರವಾದರೂ ಉಳಿಸಬೇಕು. ಇನ್ನೇನು ಕಡಿಮೆ ಮಾಡಲಿ?
(ಹೆಸರು ಬೇಡ, ಮೈಸೂರು)

ಉತ್ತರ: ಹಾಲಿನಿಂದಲೇ ಶುರು ಮಾಡೋಣ. ಅರ್ಧ ಲೀಟರ್ ಕಡಿಮೆ ಮಾಡಿದರೆ ದಿನಕ್ಕೆ 23 ರೂಪಾಯಿ, ತಿಂಗಳಿಗೆ 690. ನಾಲ್ಕು ವರ್ಷದ ಮಗುವಿನ ಲೋಟದಿಂದ ತೆಗೆದ 690 ರೂಪಾಯಿ. ಬೇಡ. ಮೊಸರಿನ ಪ್ಯಾಕೆಟ್ ತರುವುದನ್ನು ಬಿಟ್ಟು ಮನೆಯಲ್ಲೇ ಹೆಪ್ಪು ಹಾಕಿ, ಅಷ್ಟು ಸಾಕು. ಹಣ್ಣೂ ಇರಲಿ. ಕೆಲಸದವರೂ ಇರಲಿ. ನೀವು ಶಾಲೆಯಿಂದ ಬಂದು ಪಾತ್ರೆ ತೊಳೆದು ಸುಸ್ತಾಗಿ ರಾತ್ರಿ ಊಟ ಆ್ಯಪಿನಲ್ಲಿ ತರಿಸಿದರೆ ಆ 1,500 ನಾಲ್ಕೇ ದಿನಕ್ಕೆ ಹೋಗುತ್ತದೆ, ಅಲ್ವಾ?

ನಿಮ್ಮ ಪಟ್ಟಿ ಕೂಡಿದೆ. 51,300. ಬರುವುದು 62,000. ಉಳಿಯಬೇಕಾದ್ದು 10,700. ಲೆಕ್ಕದಲ್ಲಿ ತಪ್ಪಿಲ್ಲ, ಪಟ್ಟಿಯಲ್ಲಿ ತಪ್ಪಿದೆ. ಅದಕ್ಕೇ ನಿಮಗೆ ಮತ್ತೆ ಬರೆದು ಕೇಳಿದ್ದು, ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚೆಲ್ಲ ಹುಡುಕಿ ಕಳಿಸಿ ಅಂತ. ನೀವು ಕಳಿಸಿದ್ದು ಇದು. ಶಾಲೆ ಫೀಸು 45,000. ನಿಮ್ಮವರ ಜೀವವಿಮೆ ಪಾಲಿಸಿ 30,000. ಕಾರಿನ ಇನ್ಶೂರೆನ್ಸ್ 11,000, ಸರ್ವಿಸ್ 8,000. ಗೌರಿ ಗಣೇಶ, ದೀಪಾವಳಿ, ಬಟ್ಟೆಬರೆ 15,000. ಮದುವೆ, ಗೃಹಪ್ರವೇಶ, ಮುಯ್ಯಿ, ಓಡಾಟ 12,000. ಡಾಕ್ಟರು, ಔಷಧಿ 9,000. ಒಟ್ಟು 1,30,000. ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 10,830.

ನಿಮ್ಮ 'ಉಳಿಯಬೇಕಾದ' 10,700 ಎಲ್ಲಿ ಹೋಯಿತು ಅಂತ ಈಗ ಕಾಣಿಸಿತಲ್ಲ. ಸೋರಿ ಹೋಗಿಲ್ಲ. ಅದು ಮೊದಲಿಂದಲೂ ಶಾಲೆಯವರದು, ವಿಮೆಯವರದು, ಗ್ಯಾರೇಜಿನವರದು. ಪ್ರತಿ ತಿಂಗಳು ಎತ್ತಿಡದೇ ಇದ್ದಿದ್ದಕ್ಕೆ ನಿಮ್ಮದು ಅನ್ನಿಸಿತು ಅಷ್ಟೇ. ಇದರ ಮೇಲೆ ಭಾನುವಾರದ ಹೋಟೆಲು, ಆ್ಯಪಿನ ಬಿರಿಯಾನಿ, ಮಗಳಿಗೊಂದು ಆಟದ ಸಾಮಾನು ಎಲ್ಲ ಸೇರಿ ನಾಲ್ಕು ಸಾವಿರ ಅಂತ ಬರೆದಿದ್ದೀರಿ. ಅದು ಪೂರ್ತಿ ಸಾಲ. ಕಾರ್ಡಿನ ಬಾಕಿ ಬೆಳೆದಿದ್ದು ಹಾಗೆ.

ನಾನು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ 27 ವರ್ಷ ಕೂತವಳು. ಪ್ರತಿ ವರ್ಷ ಜೂನ್ ಬಂತೆಂದರೆ ಚಿನ್ನದ ಸಾಲದ ಕೌಂಟರಿನ ಮುಂದೆ ಹೆಂಗಸರ ಸಾಲು. ಕರವಸ್ತ್ರದಲ್ಲಿ ಸುತ್ತಿದ ಬಳೆ, ಒಂದು ಜೊತೆ ಓಲೆ, ಕೆಲವೊಮ್ಮೆ ಸರ. ಎಲ್ಲರದೂ ಒಂದೇ ಮಾತು, 'ಫೀಸು ಕಟ್ಟಬೇಕಿತ್ತು.' ಜೂನ್ ಏನು ಹೇಳದೇ ಕೇಳದೇ ಬರುವ ನೆಂಟನೇ? ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುತ್ತಿದ್ದ ನಾನೇ 1998ರಲ್ಲಿ ಕಂತಿನ ಮೇಲೆ ವಾಷಿಂಗ್ ಮಷೀನ್ ತಂದು, ಮಗನ ಫೀಸಿಗೆ ನನ್ನ ಬಳೆ ಅಡ ಇಟ್ಟೆ, ಅದೂ ನಮ್ಮ ಬ್ಯಾಂಕಿನಲ್ಲೇ, ಸಹೋದ್ಯೋಗಿಯ ಮುಂದೆ. ಅವರು ತೂಕ ಹಾಕುವಾಗ ನಾನು ಗಡಿಯಾರ ನೋಡುತ್ತಿದ್ದೆ.

ಸರಿ, ಈಗ ಕಾರ್ಡು. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ತಿಂಗಳಿಗೆ ಶೇ 3.5 ಅಂತ ಇದೆ. ವರ್ಷಕ್ಕಲ್ಲ, ತಿಂಗಳಿಗೆ. 38,000ಕ್ಕೆ 1,330 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 239. ಎರಡೂ ಸೇರಿ 1,569. ನೀವು ಕಟ್ಟುತ್ತಿರುವ ಮಿನಿಮಮ್ 1,900. ಅಂದರೆ ಅಸಲಿಗೆ ಹೋಗುವುದು 331 ರೂಪಾಯಿ! ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಬಾಕಿ ಉಳಿಸಿಕೊಂಡಿದ್ದರೆ ಹೊಸ ಖರೀದಿಗೆ ಆ ನಲವತ್ತು ಐವತ್ತು ದಿನದ ಬಡ್ಡಿರಹಿತ ಸಮಯ ಸಿಗುವುದಿಲ್ಲ, ಇವತ್ತು ಉಜ್ಜಿದ ಬಿರಿಯಾನಿಗೂ ಇವತ್ತಿನಿಂದಲೇ ಬಡ್ಡಿ. ಹಾಗಾಗಿ ಕಾರ್ಡನ್ನು ಬೀರುವಿಗೆ ಹಾಕಿ. ಆ್ಯಪುಗಳಲ್ಲಿ ಅದರ ನಂಬರ್ ಸೇವ್ ಆಗಿರುತ್ತದೆ, ಅದನ್ನೂ ಅಳಿಸಿ, ಇಲ್ಲದಿದ್ದರೆ ಬೀರುವಿನಲ್ಲಿಟ್ಟರೂ ಒಂದೇ, ಪರ್ಸಿನಲ್ಲಿಟ್ಟರೂ ಒಂದೇ.

ಅಮ್ಮನ ಎಫ್‌ಡಿ ಮುರಿಯಬೇಡಿ. ಆದರೆ ಅದೇ ಬ್ಯಾಂಕಿಗೆ ಹೋಗಿ ಎಫ್‌ಡಿ ಮೇಲೆ ಸಾಲ ಕೇಳಿ. ಸಾಮಾನ್ಯವಾಗಿ ಎಫ್‌ಡಿಗೆ ಅವರು ಕೊಡುವ ಬಡ್ಡಿಗಿಂತ ಶೇ 1 ಅಥವಾ 2 ಜಾಸ್ತಿ ಹಾಕುತ್ತಾರೆ. ಶೇ 8.5 ಅಂತ ಇಟ್ಟುಕೊಂಡರೆ 38,000ಕ್ಕೆ ಮೊದಲ ತಿಂಗಳ ಬಡ್ಡಿ 270 ರೂಪಾಯಿ. 1,569 ಎಲ್ಲಿ, 270 ಎಲ್ಲಿ. ಠೇವಣಿ ಅಲ್ಲೇ ಇರುತ್ತದೆ, ಅದರ ಬಡ್ಡಿಯೂ ಬೆಳೆಯುತ್ತಿರುತ್ತದೆ, ಕಾರ್ಡು ಒಂದೇ ದಿನಕ್ಕೆ ಸೊನ್ನೆ ಆಗುತ್ತದೆ. ಅಮ್ಮನಿಗೆ ಹೇಳಿಯೇ ಮಾಡಿ, ಬೈಯುವುದಿಲ್ಲ.

ಈಗ ಕಷ್ಟದ ಮಾತು. ನೀವು ಕೇಳಿದ ಸಣ್ಣಪುಟ್ಟ ಕಡಿತ ಎಲ್ಲ ಮಾಡಿ ನೋಡೋಣ. ಹೊರಗಿನ ಊಟ ನಾಲ್ಕರಿಂದ ಎರಡೂವರೆ ಸಾವಿರಕ್ಕೆ, ದಿನಸಿಯಲ್ಲಿ ಸಾವಿರ ಕಡಿಮೆ, ಪೆಟ್ರೋಲಿನಲ್ಲಿ ಐನೂರು ಕಡಿಮೆ. ವರ್ಷದ ಖರ್ಚಿಗೆ 10,830 ಎತ್ತಿಟ್ಟು ಲೆಕ್ಕ ಹಾಕಿದರೆ ಆಗಲೂ ತಿಂಗಳಿಗೆ 1,130 ರೂಪಾಯಿ ಕೊರತೆ. ಇಷ್ಟೆಲ್ಲ ಹಲ್ಲು ಕಚ್ಚಿ ಹಿಡಿದರೂ ಕೊರತೆ! ಉಳಿತಾಯದ ಮಾತೇ ಇಲ್ಲ. ಸುಮ್ನೆ ನಿಮ್ಮನ್ನು ಹೆದರಿಸುತ್ತಿಲ್ಲ, ಕಾಗದ ಪೆನ್ನು ತಗೊಂಡು ನೀವೇ ಹಾಕಿ ನೋಡಿ. ಹಾಲು, ಕೊತ್ತಂಬರಿ, ಹಣ್ಣಿನಲ್ಲಿ ಉಳಿಸಿ ದಡ ಸೇರುವ ಮನೆ ಇದಲ್ಲ.

ದೊಡ್ಡ ಗಂಟು ಕಾರಿನಲ್ಲಿದೆ. ಕಂತು 9,600. ಇನ್ಶೂರೆನ್ಸ್, ಸರ್ವಿಸ್ ಸೇರಿ ವರ್ಷಕ್ಕೆ 19,000, ತಿಂಗಳಿಗೆ 1,583. ಐದು ಸಾವಿರದ ಪೆಟ್ರೋಲಿನಲ್ಲಿ ಅರ್ಧ ಕಾರಿನದು ಅಂತ ನೀವೇ ಹೇಳಿದಿರಿ, 2,500. ಒಟ್ಟು 13,683. ನಿಮ್ಮ ಮನೆ ಬಾಡಿಗೆ 13,000. ಮೂರು ಜನ ದಿನವಿಡೀ ಇರುವ ಮನೆಗಿಂತ, ಭಾನುವಾರ ಮಾತ್ರ ಹೊರಡುವ ಕಾರಿಗೆ ಬಾಡಿಗೆ ಜಾಸ್ತಿ. ನಿಮ್ಮವರು ಕೆಲಸಕ್ಕೆ ಬೈಕಿನಲ್ಲಿ ಹೋಗುತ್ತಾರೆ, ನೀವು ಶಾಲೆಗೆ ನಡೆದು. ಕಾರು ಹೊರಡುವುದು ಭಾನುವಾರ, ಮಳೆ ಜೋರಾದಾಗ, ತಿಂಗಳಿಗೆರಡು ಸಲ ಕೆ.ಆರ್. ನಗರದ ಹತ್ತಿರದ ನಿಮ್ಮ ಊರಿಗೆ.

ನಾನು ಮಾರಿ ಅಂತಲೇ ಹೇಳುತ್ತೇನೆ. ಕಾರು ಅಂದರೆ ಬರೀ ಕಾರಲ್ಲ, ಗೊತ್ತು. ಊರಿನಲ್ಲಿ ಕಾರಿನಿಂದ ಇಳಿಯುವಾಗ ನಿಮ್ಮ ಮಾವನ ಮುಖ ಹೇಗಿರುತ್ತದೆ ಅಂತ ನೀವು ಬರೆದ ಸಾಲನ್ನು ಎರಡು ಸಲ ಓದಿದೆ. ಆದರೂ ಹೇಳುತ್ತೇನೆ. ಪಕ್ಕದ ಬೀದಿಯವರು ನಾಲ್ಕು ಲಕ್ಷಕ್ಕೆ ಕೇಳಿದ್ದಾರೆ ಅಂದಿರಿ. ಬ್ಯಾಂಕಿನ ಆ್ಯಪಿನಲ್ಲಿ ಸಾಲದ ಬಾಕಿ 3,14,000 ತೋರಿಸುತ್ತಿದೆ, 38 ಕಂತು ಉಳಿದಿವೆ. ಈಗ ಮಾರಿದರೆ ಸಾಲ ತೀರಿ 86,000 ಕೈಗೆ. ಅವಧಿಗೆ ಮೊದಲೇ ಮುಚ್ಚಿದ್ದಕ್ಕೆ ಬ್ಯಾಂಕು ಸ್ವಲ್ಪ ಹಿಡಿಯಬಹುದು, ಎಷ್ಟು ಅಂತ ಮೊದಲೇ ಬರಹದಲ್ಲಿ ಕೇಳಿ. 38,000 ಕೊಟ್ಟು ಎಫ್‌ಡಿ ಮೇಲಿನ ಸಾಲ ತೀರಿಸಿ. ಕಾರು ಮಾರುವುದಕ್ಕೆ ತಿಂಗಳೋ ಎರಡು ತಿಂಗಳೋ ಹಿಡಿಯುತ್ತದೆ, ಅಲ್ಲಿವರೆಗೆ ಕಾರ್ಡಿನ ಬಡ್ಡಿ ಕಟ್ಟುತ್ತಾ ಕೂರಬಾರದು ಅಂತಲೇ ಆ ಸಾಲ ಹೇಳಿದ್ದು. ಆಮೇಲೂ ನಲವತ್ತು ಸಾವಿರದ ಸುತ್ತ ಮಿಗುತ್ತದೆ.

ಮಾರುವಾಗ ಕಾಗದಪತ್ರದಲ್ಲಿ ಸಡಿಲ ಬಿಡಬೇಡಿ. ಸಾಲ ಮುಚ್ಚಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ, ಫಾರ್ಮ್ 35 ತಗೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಕೊಂಡವರ ಹೆಸರಿಗೆ ಆರ್‌ಸಿ ವರ್ಗ ಆಗಲೇಬೇಕು, 'ಆಮೇಲೆ ಮಾಡಿಸಿಕೊಳ್ತೀವಿ ಸಾರ್' ಅಂದರೆ ಒಪ್ಪಬೇಡಿ, ನಾಳೆ ಅವರು ಎಲ್ಲಾದರೂ ಗುದ್ದಿದರೆ ಮನೆಗೆ ನೋಟಿಸು ಬರುವುದು ನಿಮಗೆ. ಫಾಸ್ಟ್ಯಾಗ್ ಮುಚ್ಚಿಸಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಕಾರಿನದಲ್ಲ, ಮಾಲೀಕರದು. ಅದರ ಪತ್ರ ತಗೊಂಡಿಟ್ಟರೆ ಮೂರು ವರ್ಷದೊಳಗೆ ಬೇರೆ ಕಾರು ಕೊಂಡಾಗ ಉಪಯೋಗಕ್ಕೆ ಬರುತ್ತದೆ. ಇದನ್ನು ನಿಮ್ಮವರಿಗೆ ಹೇಳಿ, ಮುಂದೆ ಇನ್ನೊಂದು ಕಾರು ಬರುತ್ತದೆ ಅನ್ನುವ ಸಮಾಧಾನಕ್ಕಾದರೂ.

ಊರಿಗೆ ಹೋಗುವುದು? ಸಬರ್ಬನ್ ಸ್ಟ್ಯಾಂಡಿನಿಂದ ಕೆ.ಆರ್. ನಗರಕ್ಕೆ ಬಸ್ಸಿಗೇನು ಬರವಿಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಮಗಳಿಗೂ ಟಿಕೆಟ್ ಸೊನ್ನೆ, ನಿಮ್ಮವರದೊಂದು ಟಿಕೆಟ್. ಸಾಮಾನು ಜಾಸ್ತಿ ಇದ್ದಾಗ, ಮಾವನಿಗೆ ಹುಷಾರಿಲ್ಲದಾಗ ಟ್ಯಾಕ್ಸಿ ಮಾಡಿ. ಆಟೋ, ಟ್ಯಾಕ್ಸಿ, ಬಸ್ಸಿಗೆ ತಿಂಗಳಿಗೆ 2,500 ಇಡಿ, ಕೈ ಬಿಗಿ ಮಾಡಬೇಡಿ.

ಈಗ ಲೆಕ್ಕ ಹೇಗಾಯಿತು ನೋಡಿ. ತಿಂಗಳ ಖರ್ಚು 51,300ರಲ್ಲಿ ಕಂತು, ಕಾರಿನ ಪೆಟ್ರೋಲ್ ಹೋಗಿ 39,200. ದಿನಸಿಯಲ್ಲಿ ಸಾವಿರ ಇಳಿಸಿದರೆ 38,200. ವರ್ಷದ ಖರ್ಚು 1,11,000ಕ್ಕೆ ಇಳಿಯಿತು, ತಿಂಗಳಿಗೆ 9,250. ಹೊರಗಿನ ಊಟ 2,500, ಓಡಾಟ 2,500. ಒಟ್ಟು 52,450. ಉಳಿಯುವುದು 9,550. ಐದು ತಿಂಗಳ ನಂತರ ಫೋನಿನ ಕಂತು ಮುಗಿದರೆ 11,750. ನೀವು ಕೇಳಿದ್ದು ಐದು ಸಾವಿರ.

ಅಂದ ಹಾಗೆ ಆ ದಿನಸಿಯ ಸಾವಿರ. ಆಗಾಗ ಸೂಪರ್ ಮಾರ್ಕೆಟ್ಟಿನಿಂದ 5 ಕೆಜಿ ಅಕ್ಕಿ ಚೀಲ ತರುತ್ತೀರಿ ಅಂದಿರಿ. ಮೂಟೆ ತನ್ನಿ. ಅಕ್ಕಿ ಮೂಟೆ ಮೊದಲು 25 ಕೆಜಿ ಇತ್ತು, ಈಗ ಎಷ್ಟೋ ಕಡೆ 26 ಕೆಜಿ ಇರುತ್ತದೆ, ಗಮನಿಸಿದ್ದೀರಾ? 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಗಿರಣಿಯವರು ಒಂದು ಕೆಜಿ ಸೇರಿಸಿದರು, ತೆರಿಗೆ ಹೋಯಿತು! ಮೂರು ಜನಕ್ಕೆ ಒಂದು ಮೂಟೆ ಆರಾಮಾಗಿ ಎರಡು ತಿಂಗಳು ಬರುತ್ತದೆ. ಮೂಟೆ ತರುವುದರ ನಿಜವಾದ ಲಾಭ ಮಾತ್ರ ತೆರಿಗೆಯಲ್ಲಿಲ್ಲ. ಅಕ್ಕಿಗೆ ಅಂತ ಹೋದ ಪ್ರತಿ ಸಲವೂ ಟ್ರಾಲಿಯಲ್ಲಿ ಬಿಸ್ಕತ್ತು, ಜ್ಯೂಸು, 'ಎರಡು ಕೊಂಡರೆ ಒಂದು ಉಚಿತ' ಶಾಂಪೂ ಬರುತ್ತಲ್ಲ, ಆ ಹೋಗುವುದೇ ತಪ್ಪುತ್ತದೆ. ಹತ್ತು ನಿಮಿಷದ ಆ್ಯಪಿನದೂ ಇದೇ ಆಟ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಾಕುತ್ತೀರಿ, ಇನ್ನು 87 ರೂಪಾಯಿ ಸೇರಿಸಿ, ಡೆಲಿವರಿ ಉಚಿತ ಅನ್ನುತ್ತದೆ, 25 ರೂಪಾಯಿ ಉಳಿಸುವುದಕ್ಕೆ 90 ರೂಪಾಯಿ ಐಸ್‌ಕ್ರೀಮ್ ಬರುತ್ತದೆ. ನಾನೂ ತರಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಬೇಸಗೆಯಲ್ಲಿ ಎರಡು ತಿಂಗಳು ಕರೆಂಟ್ ಬಿಲ್ 1,800 ಚಿಲ್ಲರೆ ಬಂತು, ಗೃಹಜ್ಯೋತಿ ನಿಂತು ಹೋಯಿತಾ ಅಂತ ಕೇಳಿದ್ದೀರಿ. ನಿಂತಿಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಮಿತಿ. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. 199ಕ್ಕೂ 201ಕ್ಕೂ ಇರುವ ವ್ಯತ್ಯಾಸ ಎರಡು ಯೂನಿಟ್ಟಿನದಲ್ಲ. ಮೀಟರ್ ರೀಡಿಂಗ್ ಆದ ಇಪ್ಪತ್ತನೇ ದಿನ ಬಗ್ಗಿ ಒಮ್ಮೆ ನೋಡಿ, 135 ದಾಟಿದ್ದರೆ ಉಳಿದ ಹತ್ತು ದಿನ ಹುಷಾರು. 15 ಲೀಟರಿನ ಗೀಸರ್ ಪೂರ್ತಿ ಕಾಯುವುದಕ್ಕೆ ಇಪ್ಪತ್ತು ನಿಮಿಷ, ಸುಮಾರು 0.6 ಯೂನಿಟ್. ಬೆಳಗ್ಗೆ ಹಾಕಿ ಸಂಜೆವರೆಗೆ ಮರೆತರೆ ಅದು ತಣ್ಣಗಾಗುತ್ತಾ ಮತ್ತೆ ಮತ್ತೆ ಕಾಯುತ್ತಾ ಇರುತ್ತದೆ.

ಪಾಲಿಸಿ ವಿಷಯ. ವರ್ಷಕ್ಕೆ 30,000 ಕಟ್ಟುತ್ತೀರಿ, ವಿಮೆ ಐದು ಲಕ್ಷಕ್ಕೆ ಮಾತ್ರ. ನಾಳೆ ಆಗಬಾರದ್ದು ಆದರೆ ಐದು ಲಕ್ಷದಲ್ಲಿ ನಿಮ್ಮ ಮನೆ ಹತ್ತು ತಿಂಗಳು ನಡೆಯುತ್ತದೆ. ನಿಮ್ಮವರಿಗೆ ಉಳಿತಾಯ ಬೆರೆಸದ ಬರೀ ಜೀವವಿಮೆ, ಅಂದರೆ ಟರ್ಮ್ ಪಾಲಿಸಿ ಬೇಕು. ಬೀಡಿ ಸಿಗರೇಟಿಲ್ಲದ 33ರ ಗಂಡಸಿಗೆ 50 ಲಕ್ಷದ ಟರ್ಮ್ ಪಾಲಿಸಿ ಸಾಮಾನ್ಯವಾಗಿ ಆ 30,000ದ ಮೂರನೇ ಒಂದು ಭಾಗದೊಳಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇದಕ್ಕೆ ಜಿಎಸ್‌ಟಿಯೂ ಇಲ್ಲ. ಮೊದಲು ಅದು ಕೈಗೆ ಬರಲಿ. ಆಮೇಲೆ ಹಳೆಯದರ ವಿಷಯ. ಎರಡು ವರ್ಷ ಕಟ್ಟಿದ್ದೀರಿ, ಈಗ ಬಿಟ್ಟರೆ ಎಷ್ಟು ವಾಪಸ್, ಕಟ್ಟುವುದು ನಿಲ್ಲಿಸಿ ಪೇಯ್ಡ್ ಅಪ್ ಮಾಡಿದರೆ (ಪಾಲಿಸಿಯನ್ನು ಕಡಿಮೆ ಮೊತ್ತಕ್ಕೆ ಹಾಗೇ ಉಳಿಸಿಕೊಳ್ಳುವುದು) ಕೊನೆಗೆ ಎಷ್ಟು, ಎರಡನ್ನೂ ಬರಹದಲ್ಲಿ ತರಿಸಿ ನೋಡಿ. ಏಜೆಂಟರು ನಿಮ್ಮವರ ಚಿಕ್ಕಮ್ಮನ ಮಗ ಅಂತ ಬರೆದಿದ್ದೀರಿ. ದೀಪಾವಳಿ ಊಟಕ್ಕೆ ಕರೆಯಿರಿ, ಪಾಲಿಸಿ ಮಾತ್ರ ಬೇಡ.

ಇನ್ನು ದುಡ್ಡು ಎತ್ತಿಡುವ ಕ್ರಮ. ಸಂಬಳ ಬಂದ ಮಾರನೇ ದಿನವೇ 9,250 ಬೇರೆ ಖಾತೆಗೆ ಹೋಗಲಿ. ಆ ಖಾತೆಗೆ ಎಟಿಎಂ ಕಾರ್ಡು ಬೇಡ, ಫೋನಿನ ಯುಪಿಐಗೂ ಜೋಡಿಸಬೇಡಿ. ನಮ್ಮಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನವನು ಬಾರದ ದಿನಕ್ಕೆ ಅಡ್ಡಗೆರೆ ಎಳೆಯುತ್ತಿದ್ದಳು. ನೀವು ಅದೇ ಕ್ಯಾಲೆಂಡರಿನಲ್ಲಿ ಆಯಾ ತಿಂಗಳ ಹಾಳೆಯ ಮೂಲೆಯಲ್ಲಿ ಬರೆಯಿರಿ, ಜೂನ್ ಫೀಸು 45,000, ಭಾದ್ರಪದಕ್ಕೆ ಹಬ್ಬ, ಹೀಗೆ. ಉಳಿದ 9,500 ಒಂದು ವರ್ಷ ಬ್ಯಾಂಕಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು, ಮೂರು ವರ್ಷ ಆಗದೆ ಮುಚ್ಚುವ ಹಾಗಿಲ್ಲ, ಆಪತ್ತಿಗೆ ಆಗುವುದಿಲ್ಲ. ಕಾರಿನಿಂದ ಉಳಿದ 40,000 ಸೇರಿದರೆ ವರ್ಷದ ಕೊನೆಗೆ ಒಂದೂವರೆ ಲಕ್ಷ. ಮೂರು ತಿಂಗಳ ಖರ್ಚು. ಕಾರ್ಖಾನೆ ಕೆಲಸಕ್ಕೆ ಏನಾದರೂ ಆದರೆ ಅಷ್ಟಾದರೂ ಇರಬೇಕು.

ಆಮೇಲೆ ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ. ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು, ನಿಮಗೆ ಇನ್ನೂ ಸಮಯ ಇದೆ. ಬಡ್ಡಿ ಈಗ ಶೇ 8.2, ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ. 250 ರೂಪಾಯಿಯಲ್ಲೇ ಖಾತೆ ತೆರೆಯಬಹುದು, ಹಾಗಾಗಿ ತೆರೆದು ಬಿಡಿ, ದೊಡ್ಡ ಮೊತ್ತ ಆಪತ್ತಿನ ಹಣ ಸೇರಿದ ಮೇಲೆ. ಮಗಳ ಓದಿಗೆ ಅಂತ ತೆಗೆಯುವುದಕ್ಕೂ ಅವಳಿಗೆ 18 ಆಗಬೇಕು ಅಥವಾ ಹತ್ತನೇ ತರಗತಿ ಮುಗಿಯಬೇಕು, ಅದಕ್ಕೇ ಇದು ಎರಡನೇ ಸಾಲಿನಲ್ಲಿ. ನಿಮ್ಮವರ ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರಲ್ಲ, ಅದರ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ. ಏನೂ ಉಳಿಸಿಲ್ಲ ಅಂತ ಬರೆದಿದ್ದೀರಿ, ಅಲ್ಲಿ ಒಂದಷ್ಟು ಸೇರಿರುತ್ತದೆ. ಕೆಲಸ ಬದಲಿಸಿದಾಗ ಅದನ್ನು ತೆಗೆಯದೆ ಹೊಸ ಕಡೆಗೆ ವರ್ಗ ಮಾಡಿಸಿ.

ಅತ್ತೆ ಮಾವನ ನಾಲ್ಕು ಸಾವಿರದ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಏನೂ ಇರಲಿಲ್ಲ. ನಾನೂ ಏನೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬರು ಚೀಟಿ ನಡೆಸುತ್ತಾರೆ. 20 ಜನ, ತಿಂಗಳಿಗೆ 5,000. ಹತ್ತು ವರ್ಷದಿಂದ ನಡೆಸುತ್ತಿದ್ದಾರೆ, ಒಳ್ಳೆಯವರು. ಹಾಕಲಾ?
(ಗೃಹಿಣಿ, ದಾವಣಗೆರೆ)

ಉತ್ತರ: ಚೀಟಿ ಕೆಟ್ಟದ್ದಲ್ಲ, ತಿಂಗಳು ತಿಂಗಳು ಕಟ್ಟಲೇಬೇಕು ಅನ್ನುವ ಹೆದರಿಕೆಯಲ್ಲೇ ಎಷ್ಟೋ ಮನೆಗಳಲ್ಲಿ ದುಡ್ಡು ಕೂಡಿದೆ. 20 ಜನರ 5,000 ಅಂದರೆ ಒಂದು ಲಕ್ಷದ ಚೀಟಿ. ಯಾರಿಗೋ ಅರ್ಜೆಂಟು, 75,000ಕ್ಕೆ ಕೂಗಿ ಎತ್ತುತ್ತಾರೆ. ಬಿಟ್ಟ 25,000ದಲ್ಲಿ ನಡೆಸುವವರ ಕಮಿಷನ್ 5,000 ಅಂದುಕೊಳ್ಳಿ, ಉಳಿದ 20,000 ಎಲ್ಲರಿಗೂ ಹಂಚಿ ತಲಾ 1,000. ಆ ತಿಂಗಳು ನೀವು ಕಟ್ಟುವುದು 4,000. ಕೊನೆಯಲ್ಲಿ ಎತ್ತುವವರಿಗೆ ಲಾಭ, ಮೊದಲು ಎತ್ತುವವರಿಗೆ ಅದು ಸಾಲ.

ತೊಂದರೆ ಇರುವುದು ನಡುವೆ. ಎತ್ತಿದವರು ಕಟ್ಟುವುದು ನಿಲ್ಲಿಸಿದರೆ, ನಡೆಸುವವರೇ ಊರು ಬಿಟ್ಟರೆ ಯಾರನ್ನು ಕೇಳುತ್ತೀರಿ? 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಿರಬೇಕು, ನಡೆಸುವವರು ಭದ್ರತೆಗೆ ಠೇವಣಿ ಇಟ್ಟಿರಬೇಕು, ಕಮಿಷನ್ ಶೇ 7 ದಾಟಬಾರದು. ಬೀದಿಯ ಚೀಟಿಯಲ್ಲಿ ಇದು ಯಾವುದೂ ಇರುವುದಿಲ್ಲ, ಇರುವುದು ಅವರ ಮುಖ ಒಂದೇ. ಅವರು ಒಳ್ಳೆಯವರೇ ಇರಬಹುದು, ಆದರೆ ಉಳಿದ 18 ಜನ? ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಹ ಚೀಟಿ ನಡೆಸುತ್ತದೆ, ವಿಚಾರಿಸಿ. ಬೀದಿಯದೇ ಬೇಕು ಅಂದರೆ, ಹೋದರೂ ನಿದ್ದೆ ಕೆಡದಷ್ಟು ಮೊತ್ತ ಮಾತ್ರ ಹಾಕಿ.

ಪ್ರಶ್ನೆ: ಒಡವೆ ಅಂಗಡಿಯಲ್ಲಿ 11 ತಿಂಗಳು ಕಟ್ಟಿದರೆ ಒಂದು ಕಂತು ಅವರೇ ಹಾಕುತ್ತಾರಂತೆ. ಇದು ಉಳಿತಾಯವೇ?
(ನವವಿವಾಹಿತೆ, ಹಾಸನ)

ಉತ್ತರ: ಒಡವೆ ಕೊಳ್ಳುವುದೇ ಆದರೆ ಪರವಾಗಿಲ್ಲ. ಉಳಿತಾಯ ಅಲ್ಲ. ಕೊನೆಗೆ ಸಿಗುವುದು ನಗದಲ್ಲ, ಅದೇ ಅಂಗಡಿಯ ಒಡವೆ. ಅವರು ಹಾಕುವ ಒಂದು ಕಂತು ಮಜೂರಿ, ವೇಸ್ಟೇಜಿನಲ್ಲಿ ವಾಪಸ್ ಹೋಗುವ ಸಾಧ್ಯತೆಯೇ ಜಾಸ್ತಿ, ಅದರ ಮೇಲೆ ಶೇ 3 ಜಿಎಸ್‌ಟಿ. ಸೇರುವ ಮೊದಲು ಎರಡು ಕೇಳಿ. ಮಧ್ಯ ಬಿಟ್ಟರೆ ದುಡ್ಡು ಪೂರ್ತಿ ವಾಪಸ್ಸಾ? ಮಜೂರಿ ಯಾವ ಒಡವೆಗೆ ಶೇ ಎಷ್ಟು? ಉತ್ತರ ಬಾಯಿಮಾತಲ್ಲಿ ಬೇಡ, ಪಾಸ್‌ಬುಕ್ಕಿನ ಹಿಂದೆ ಅಚ್ಚಾಗಿರಬೇಕು. ಒಡವೆಯ ಮೇಲೆ ಹಾಲ್‌ಮಾರ್ಕ್ ಜೊತೆ ಎಚ್‌ಯುಐಡಿ, ಅಂದರೆ ಅಕ್ಷರ, ಅಂಕಿ ಸೇರಿ ಆರು ಇರುವ ಆ ಒಡವೆಯದೇ ಗುರುತು ಸಂಖ್ಯೆ, ಇದೆಯಾ ನೋಡಿ.

ಪ್ರಶ್ನೆ: ಖರ್ಚು ಬರೆಯುವುದಕ್ಕೆ ಆ್ಯಪ್ ಒಳ್ಳೆಯದಾ, ಪುಸ್ತಕವಾ?
(ಓದುಗ, ಶಿವಮೊಗ್ಗ)

ಉತ್ತರ: ನಿಮ್ಮ ಮನೆಯವರೂ ತೆಗೆದು ನೋಡುವಂಥದ್ದು ಯಾವುದೋ ಅದು. ನಮ್ಮ ಮನೆಯಲ್ಲಿ ಪುಸ್ತಕ, ಫ್ರಿಜ್ ಮೇಲಿರುತ್ತದೆ, ಪೆನ್ನು ಮಾತ್ರ ಯಾವಾಗಲೂ ಇರುವುದಿಲ್ಲ.